ಅಮರೇಶನ ಸೀಟಿ

ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯುವುದನ್ನು ಬಿಟ್ಟು ತಿಂಗಳಾಗುತ್ತಾ ಬಂತು. ಹಬೆಯೆಲ್ಲ ಪಕ್ಕದಿಂದ ಸುಸ್ಸೆಂದು ಸೋರಿಹೋಗುತ್ತದೆ. ಒಳಗೆ ಬೇಳೆ ಬೆಂದಿತೋ, ಹೊತ್ತಿತೋ ಆ ದೇವರಿಗೇ ಗೊತ್ತು. ಮೊನ್ನೆ ಹೆಸರುಬೇಳೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ನಮ್ಮ ಮನೆಯವರು ತಟ್ಟೆಯ ಮುಂದೆ ಕೂತು, ಒಂದು ತುತ್ತು ತಿಂದು, "ಇವತ್ತು ಏನೋ ಹೊಸಾ ರುಚಿ ಐತಿ" ಎಂದು ನನ್ನ ಮಾನ ಕಾಪಾಡಿದರು. ಪೇಟೆಗೆ ಒಯ್ದು ರಿಪೇರಿ ಮಾಡಿಸುತ್ತೇನೆ ಎಂದರೆ ನಾನೇ ಇವತ್ತು ಬೇಡ, ನಾಳೆ ಎಂದು ತಳ್ಳುತ್ತಿದ್ದೇನೆ. ಕಾರಣ ಹೇಳಿದರೆ ನೀವು ನಗುತ್ತೀರಿ. ಸೀಟಿ ಕೇಳಿದರೆ ನನಗೆ ಈ ವಯಸ್ಸಿನಲ್ಲೂ ಎದ್ದು ಓಡಬೇಕು ಅನ್ನಿಸುತ್ತದೆ. ಒಲೆಯ ಕಡೆಗಲ್ಲ, ಬಸ್ಸಿನ ಕಡೆಗೆ.

ನಾನು ಹುಟ್ಟಿ ಬೆಳೆದದ್ದು ಮಸ್ಕಿಯಲ್ಲಿ. ನಮ್ಮ ಓಣಿಯ ಗಂಡುಹುಡುಗರು ಅಕ್ಷರ ಕಲಿಯುವ ಮೊದಲೇ ಸೀಟಿ ಕಲಿಯುತ್ತಿದ್ದರು. ಎರಡು ಬೆರಳು ಬಾಯಿಗಿಟ್ಟು, ನಾಲಿಗೆ ಮಡಚಿ ಊದಿದರೆ ಗುಡ್ಡಕ್ಕೆ ಬಡಿದು ತಿರುಗಿ ಬರಬೇಕು, ಅಂಥ ಸೀಟಿ. ಹೆಣ್ಣುಮಕ್ಕಳು ಮಾತ್ರ ಹೊಡೆಯುವಂತಿರಲಿಲ್ಲ. ಹೊಡೆದರೆ ಮನೆಗೆ ಹಾವು ಬರುತ್ತದೆ ಎಂದು ಅವ್ವ ಹೆದರಿಸಿದ್ದಳು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಬಹಳ ದಿನ ಸಾಧನೆ ಮಾಡಿದೆ. ಉಗುಳು ಬಂತೇ ಹೊರತು ಸೀಟಿ ಬರಲಿಲ್ಲ, ಹಾವೂ ಬರಲಿಲ್ಲ. ಆದರೆ ಒಮ್ಮೆ ಹಿತ್ತಲ ಕಟ್ಟಿಗೆ ರಾಶಿಯಲ್ಲಿ ಒಂದು ಕೇರೆಹಾವು ಕಂಡಾಗ, ಅವ್ವ ಮೊದಲು ನೋಡಿದ್ದು ಹಾವನ್ನಲ್ಲ, ನನ್ನ ಮುಖವನ್ನು. ಮಾಡದ ತಪ್ಪಿಗೆ ಮುಖ ಹೇಗೆ ಕಾಣುತ್ತದೆ ಎಂಬುದು ಅವತ್ತೇ ನನಗೆ ತಿಳಿಯಿತು ಅನ್ನಿ.

ಪಿಯುಸಿಗೆ ನನ್ನನ್ನು ಸಿಂಧನೂರಿಗೆ ಹಾಕಿದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಿನಾ ಮುಂಜಾನೆ ಮಸ್ಕಿಯಿಂದ ಬಸ್ಸು, ಸಂಜೆ ತಿರುಗಿ ಅದೇ ಬಸ್ಸು. ಸಿಂಧನೂರು ಆಗ ಕಾಲುವೆ ನೀರಿನಲ್ಲಿ ಉಬ್ಬುತ್ತಿದ್ದ ಊರು. ನೀರಿನ ಹಿಂದೆ ನೆಲ್ಲು ಬಂತು, ನೆಲ್ಲಿನ ಹಿಂದೆ ರೈಸ್‌ಮಿಲ್ಲು, ಮಿಲ್ಲಿನ ಹಿಂದೆ ರೊಕ್ಕ, ರೊಕ್ಕದ ಹಿಂದೆ ವಿಡಿಯೋ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು ಹಾಕಿ ವಿಡಿಯೋ ಸಿನೆಮಾ ತೋರಿಸುತ್ತಿದ್ದರು. ಊರಿನ ಹಿರಿಯರೆಲ್ಲ ಆ ಶೆಡ್ಡನ್ನು ನೋಡಿ, ಹುಡುಗರು ಕೆಟ್ಟುಹೋದರು ಎಂದು ತೀರ್ಮಾನ ಕೊಟ್ಟುಬಿಟ್ಟಿದ್ದರು. ಕ್ರಾಪು ಕಿವಿ ಮುಚ್ಚಿದರೆ ಹುಡುಗ ಕೆಟ್ಟ. ಕರ್ಚೀಫು ಕೊರಳಿಗೆ ಸುತ್ತಿದರೆ ಪೂರಾ ಕೆಟ್ಟ. ನಾವು ಹುಡುಗಿಯರು ನಕ್ಕರೆ ಕೆಟ್ಟೆವು, ನಗದೆ ಇದ್ದರೆ ಒಳಗೊಳಗೇ ಏನೋ ನಡೆದಿದೆ ಎಂದರ್ಥ. ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಪ್ರತಿವರ್ಷ ಒಂದು ನಾಟಕ ಇರುತ್ತಿತ್ತು. ಅದರಲ್ಲಿ ಕಪ್ಪು ಕನ್ನಡಕ ಹಾಕಿದ ಒಬ್ಬ ಕಾಲೇಜು ಹುಡುಗ ಹುಡುಗಿಯರಿಗೆ ಸೀಟಿ ಹೊಡೆದು, ಸಿಗರೇಟು ಸೇದಿ, ಕೊನೆಗೆ ತಾಯಿಯ ಕಾಲಿಗೆ ಬಿದ್ದು ಅಳಬೇಕು. ಸಭಿಕರೂ ಅಳಬೇಕು. ನಾವೂ ಅತ್ತಿದ್ದೆವು.

ಆ ವರ್ಷ ಆ ಪಾತ್ರಕ್ಕೆ ಅಮರೇಶನನ್ನು ಹಾಕಬೇಕು ಎಂದು ಲೆಕ್ಚರರುಗಳೆಲ್ಲ ಒಮ್ಮತದಿಂದ ಹೇಳಿದ್ದರು. ಮೇಕಪ್ಪಿನ ಖರ್ಚೂ ಉಳಿಯುತ್ತದೆ ಎಂದು ಒಬ್ಬರು ಚೇಷ್ಟೆ ಮಾಡಿದ್ದರು.

ಅಮರೇಶ ನನ್ನ ಕ್ಲಾಸಿನವನು. ಗೊರೇಬಾಳ ದಾಟಿದ ಮೇಲೆ ಮಸ್ಕಿ ರಸ್ತೆಯ ಪಕ್ಕದಲ್ಲೇ ಅವನ ಊರು. ಊರಿನ ಅರ್ಧ ಹೊಲಕ್ಕೆ ಕಾಲುವೆ ನೀರು ಹರಿಯುತ್ತಿತ್ತು, ಅವರ ಹೊಲ ಎತ್ತರದಲ್ಲಿದ್ದದ್ದರಿಂದ ನೀರು ಏರುತ್ತಿರಲಿಲ್ಲ. ಕೆಳಗೆ ನೆಲ್ಲು ಹಸಿರಾಗಿದ್ದರೆ ಮೇಲೆ ಇವರದು ಬಿಳಿಜೋಳ. ದಿನವೂ ಅವನು ಕ್ಲಾಸಿಗೆ ತಡವಾಗಿ ಬರುತ್ತಿದ್ದ. ಉದ್ದ ಗುಂಗುರು ಕೂದಲು, ಅದರ ತುಂಬ ಧೂಳು, ಅಂಗಿಯ ಮೇಲೆ ಜೋಳದ ಹೂವಿನ ಪುಡಿ. ಹಿಂದಿನ ಬೆಂಚಿನಲ್ಲಿ ಕೂತು ಎರಡನೆಯ ಪಿರಿಯಡ್ಡಿಗೆ ಸರಿಯಾಗಿ ನಿದ್ದೆಗೆ ಬೀಳುತ್ತಿದ್ದ. ರಾತ್ರಿಯೆಲ್ಲ ವಿಡಿಯೋ ನೋಡಿ ಬಂದಾನ ಎಂದು ಲೆಕ್ಚರರು ಚಾಕ್‌ಪೀಸು ಎಸೆಯುತ್ತಿದ್ದರು. ನಸುಕಿನಿಂದ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಕಾದು ಬಂದಿದ್ದಾನೆ ಎಂಬುದು ಅವನನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಯಾರೂ ಕೇಳಿರಲಿಲ್ಲ, ಅವನಾಗಿ ಹೇಳುವ ಕುಳವೂ ಅಲ್ಲ.

ಈಗ ಆ ಸಂಜೆಯ ವಿಷಯಕ್ಕೆ ಬರುತ್ತೇನೆ. ಮಸ್ಕಿ ಬಸ್ಸು ಹೊರಟೇಬಿಟ್ಟಿತ್ತು. ನಾನು ಪುಸ್ತಕ ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ತುಂಬ ಓಡುತ್ತಿದ್ದೆ. ನಡುವೆ ಚಪ್ಪಲಿಯ ಉಂಗುಟ ಕಿತ್ತಿತು. ಬಗ್ಗಿ ಅದನ್ನು ಕೈಯಲ್ಲಿ ಹಿಡಿದು ಮತ್ತೆ ಓಡಿದೆ. ಬಸ್ಸು ಗೇಟು ದಾಟುತ್ತಿತ್ತು. ಆಗ ನನ್ನ ಹಿಂದಿನಿಂದ ಒಂದು ಸೀಟಿ ಬಂತು ನೋಡಿ, ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಹತ್ತಿಕೊಂಡು ತಿರುಗಿ ನೋಡಿದರೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ, ತನ್ನೂರಿಗೆ ನಿಲ್ಲುವ ಬಸ್ಸಿಗೆ ಕಾಯುತ್ತಿದ್ದ ಅಮರೇಶ, ಹೋಗು ಹೋಗು ಎಂದು ಕೈ ಬೀಸುತ್ತಿದ್ದ. ಆಗಿದ್ದು ಇಷ್ಟು.

ಬಸ್ಸಿನಲ್ಲಿ ನಮ್ಮ ಕಾಲೇಜಿನ ಕಮಿಟಿಯ ಹಿರಿಯರೊಬ್ಬರಿದ್ದರು. ಅವರು ಕಂಡದ್ದು ಇಷ್ಟು: ಪೋಲಿ ಹುಡುಗನೊಬ್ಬ ಸೀಟಿ ಹೊಡೆದ, ಹುಡುಗಿಯ ಕೈಯಲ್ಲಿ ಚಪ್ಪಲಿ ಇತ್ತು. ಇನ್ನೇನು ಬೇಕು? ಮರುದಿನ ಪ್ರಾರ್ಥನೆಯ ಹೊತ್ತಿಗೆ ನಾನು ವೀರವನಿತೆಯಾಗಿದ್ದೆ. ಚಪ್ಪಲಿ ಬಿಚ್ಚಿ ಪೋಲಿಯನ್ನು ಅಟ್ಟಿಸಿಕೊಂಡು ಹೋದ ಮಸ್ಕಿಯ ಹುಡುಗಿ! ಪ್ರಿನ್ಸಿಪಾಲರು ನನ್ನ ಧೈರ್ಯವನ್ನು ಎಲ್ಲರೆದುರು ಹೊಗಳಿದರು. ಉಂಗುಟ ಕಿತ್ತಿತ್ರಿ ಸರ್, ಅವ ಬಸ್ ನಿಲ್ಲಿಸಾಕ ಸೀಟಿ ಹೊಡೆದ್ರಿ ಎಂದು ನಾನು ಅವರ ಚೇಂಬರಿಗೆ ಹೋಗಿ ಹೇಳಿದೆ. ಹೆಣ್ಣುಮಗಳು ಹೆದರಿ ಹೀಗೆ ಹೇಳುತ್ತಿದ್ದಾಳೆ ಎಂದು ಅವರಿಗೆ ನನ್ನ ಮೇಲೆ ಇನ್ನಷ್ಟು ಕನಿಕರ ಬಂತು. ನಾನು ಹೇಳಿದಷ್ಟೂ ಅಮರೇಶ ದೊಡ್ಡ ಪೋಲಿಯಾಗುತ್ತಾ ಹೋದ.

ಅವನ ಅಪ್ಪ ಯಂಕಪ್ಪನನ್ನು ಊರಿಂದ ಕರೆಸಿದರು. ನನ್ನನ್ನೂ ಅಲ್ಲಿ ನಿಲ್ಲಿಸಿದ್ದರು. ಯಂಕಪ್ಪ ತೆಳ್ಳನೆಯ ಎತ್ತರದ ಆಳು, ತಲೆಗೆ ಕೆಂಪು ರುಮಾಲು. ಖುರ್ಚಿ ತೋರಿಸಿದರೂ ಕೂರಲಿಲ್ಲ. ಪ್ರಿನ್ಸಿಪಾಲರು ಅಮರೇಶನನ್ನು, ಇಂಥಾ ಸೀಟಿ ಹೊಡೆಯೋದು ನಿನಗ ಯಾರು ಕಲಿಸಿದ್ರು ಎಂದು ಕೇಳಿದರು. ಅವನು ನೆಲ ನೋಡುತ್ತಾ ನಿಂತ. ಮತ್ತೆ ಕೇಳಿದರು, ಮೇಜು ಬಡಿದು ಕೇಳಿದರು. ಅಪ್ಪ ಒಮ್ಮೆ ಮಗನ ಕಡೆ ನೋಡಿದ, ಬಾಯಿ ತೆರೆದಂತೆ ಮಾಡಿದ. ಆಮೇಲೆ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ತಪ್ಪಾಗೇತ್ರಿ ಸಾಹೇಬ್ರ, ಹೊಟ್ಟ್ಯಾಗ ಹಾಕ್ಕೋರಿ" ಎಂದ. ಅಮರೇಶ ತಲೆ ಎತ್ತಿದ್ದು ಆಗ. ಅಪ್ಪನ ಬರಿದಾದ ತಲೆಯನ್ನೇ ನೋಡಿದ. ನಮ್ಮ ಕಡೆ ಗಂಡಸರು ರುಮಾಲು ತೆಗೆಯುವುದು ದೇವರ ಮುಂದೆ, ಹೆಣದ ಮುಂದೆ.

ಅಂದಿನಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಒಂದೇ ಮನೆ, ಒಂದೇ ಹೊಲ, ರೊಟ್ಟಿ ಮಾಡಿಕೊಡುವ ಅಜ್ಜಿ ಒಬ್ಬಳೇ. ತಾಯಿ ಅವನು ಸಣ್ಣವನಿದ್ದಾಗಲೇ ಹೋಗಿದ್ದಳು. ಇಬ್ಬರೂ ಅಜ್ಜಿಯ ಮೂಲಕ ಮಾತಾಡುತ್ತಿದ್ದರಂತೆ. ಅಮರೇಶ ಸೀಟಿ ಹೊಡೆಯುವುದನ್ನೂ ಬಿಟ್ಟ. ಹಕ್ಕಿ ಕಾಯಲು ಎಣ್ಣೆಯ ಡಬ್ಬಿ ಬಡಿಯುತ್ತಿದ್ದ. ಇದೆಲ್ಲ ನನಗೆ ಹೇಳಿದ್ದು ಮೆಹಬೂಬ.

ಮೆಹಬೂಬ ನಮ್ಮ ಇನ್ನೊಬ್ಬ ಗೆಳೆಯ, ಅಮರೇಶನ ಬೆಂಚಿನವನು. ಅವನ ಅಣ್ಣ ಖಾಜಾಭಾಯಿ ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಆಗ ಎಲ್ಲ ಮದುವೆಗಳೂ ಅವನ ಕ್ಯಾಮೆರಾದ ಮುಂದೆಯೇ ಆಗುತ್ತಿದ್ದವು. ಗ್ಯಾದರಿಂಗಿಗೆ ನಾಟಕದ ಬದಲು ಒಂದು ವಿಡಿಯೋ ಸಿನೆಮಾ ಮಾಡೋಣ, ಅಮರೇಶ ಹ್ಯಾಂಗದಾನ ಹಾಂಗ ತೋರ್ಸೋಣ ಎಂದು ಮೆಹಬೂಬನೇ ಹೊರಟದ್ದು. ಕನ್ನಡದ ಮೇಷ್ಟ್ರು ಒಪ್ಪಿದರು. ಅವರು ಒಪ್ಪಿದ್ದಕ್ಕೆ, ವಿಡಿಯೋದಲ್ಲಿ ತಾವೂ ಬರಬಹುದು ಎಂಬ ಆಸೆ ಕಾರಣವೋ ಏನೋ, ಗೊತ್ತಿಲ್ಲ. ಸಿನೆಮಾಕ್ಕೆ 'ಸೀಟಿ' ಎಂದು ಹೆಸರಿಟ್ಟೆವು. ಅಮರೇಶ ಮೊದಲು ಬೇಡವೆಂದ. ಆಮೇಲೆ ಒಂದೇ ಮಾತು ಕೇಳಿದ.

"ನಮ್ಮಪ್ಪಗ ತೋರ್ಸಾಕ ಬರ್ತದೇನು?"

ಗ್ಯಾದರಿಂಗಿಗೆ ಕರೆದರೆ ಆಯಿತಲ್ಲ ಎಂದೆವು. ಹಾಗಾದರೆ ಮಾಡೋಣ ಎಂದ.

ನಮ್ಮ ಸಿನೆಮಾದ ತಿರುಳು ಬಹಳ ಸರಳ. ಊರಿನವರು ನಮ್ಮನ್ನು ನೋಡುವ ಮುಂಚೆ ನಾವು ಏನು ಮಾಡಿರುತ್ತೇವೆ ಎಂದು ತೋರಿಸುವುದು. ಮೆಹಬೂಬ ಕೇರಂ ಆಡುವ ಉಂಡಾಡಿ ಎಂದು ಹೆಸರಾದವನು, ದಿನಾ ಮುಂಜಾನೆ ಅಬ್ಬಾಜಾನನ ಜೊತೆ ಗಾದಿ ಹೊಲಿಯುತ್ತಿದ್ದ. ನಾನು ಕನ್ನಡಿ ಬಿಟ್ಟೇಳದ ಕಾಲೇಜು ಕುಮಾರಿ, ಬೋರಿಂಗಿನ ಮುಂದೆ ಕೊಡ ತುಂಬುವಾಗ ಪುಸ್ತಕ ಓದುತ್ತಿದ್ದೆ. ಹುಡುಗಿಯರೆಂದರೆ ಪೌಡರು ಎನ್ನುವವರ ಬಾಯಿ ಮುಚ್ಚಿಸಬೇಕೆಂದು ಭಾಷಣ ಮಾಡಿದ ನಾನು ಶೂಟಿಂಗಿನ ದಿನ ಏನು ಮಾಡಿದೆ ಅಂತೀರಿ? ಅರ್ಧ ಡಬ್ಬಿ ಪೌಡರು ಬಳಿದುಕೊಂಡು, ಚಿಕ್ಕಮ್ಮನ ಮದುವೆ ಸೀರೆ ಉಟ್ಟುಕೊಂಡು ಬೋರಿಂಗಿಗೆ ಹೋದೆ. ವಿಡಿಯೋ ಎಂದರೆ ಹಾಗಿತ್ತು. ನಮ್ಮ ಓಣಿಯ ಹೆಂಗಸರೂ ರೇಷ್ಮೆ ಉಟ್ಟು, ಮಿಂಚುವ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಆ ದೃಶ್ಯ ನೋಡಿದವರು ಮಸ್ಕಿಯಲ್ಲಿ ನೀರು ತರುವುದು ಒಂದು ಹಬ್ಬ ಎಂದು ತಿಳಿಯಬೇಕು.

ಖಾಜಾಭಾಯಿಗೆ ಮದುವೆ ಬಿಟ್ಟು ಬೇರೆ ಶೂಟಿಂಗ್ ಗೊತ್ತಿರಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಖದ ಮೇಲೂ ಕ್ಯಾಮೆರಾ ಹರಿಸುತ್ತಿದ್ದ. ನಾನು ಅಳುವ ಮುಖ ಮಾಡಿದರೆ, "ನಗ್ರೀ ಮೇಡಮ್, ಆಮ್ಯಾಲ ನೋಡಿದ್ರ ಚಲೋ ಕಾಣಲ್ಲ" ಎನ್ನುತ್ತಿದ್ದ. ಚಪ್ಪಲಿಯ ಉಂಗುಟ ಕೀಳುವ ದೃಶ್ಯದಲ್ಲಂತೂ ಚಪ್ಪಲಿಯನ್ನು ಬಿಟ್ಟು ನನ್ನ ಕಾಲುಂಗುರ ಹುಡುಕಿದ. ಇಲ್ಲದ ಕಾಲುಂಗುರಕ್ಕೆ ಪಾಪ, ಬಹಳ ಹೊತ್ತು ಕಾಯ್ದ.

ಕೊನೆಯ ದಿನ ಅಮರೇಶನ ಹೊಲಕ್ಕೆ ಹೋದೆವು. ಜೋಳ ಹಾಲುಗಾಳಾಗಿ, ಎಳೆತೆನೆ ಸುಟ್ಟು ಸೀತನಿ ತಿನ್ನುವ ಹದಕ್ಕೆ ಬಂದಿತ್ತು. ಕ್ಯಾಮೆರಾ ಹೆಗಲಿಗೇರಿಸಿದ ಖಾಜಾಭಾಯಿಯನ್ನು ಕಂಡದ್ದೇ ತಡ, ಅಜ್ಜಿ ದುರಗವ್ವ ಮನೆಯೊಳಗೆ ಓಡಿದಳು. ಹೊರಗೆ ಬಂದಾಗ ಕೈಯಲ್ಲಿ ಅರಿಷಿಣದ ಬಟ್ಟಲು. ಅವಳು ಹುಟ್ಟಿದಾಗಿನಿಂದ ವಿಡಿಯೋ ಕ್ಯಾಮೆರಾ ಊರಿಗೆ ಬಂದದ್ದೆಲ್ಲ ಮದುವೆಗೇ. ಮೊಮ್ಮಗನಿಗೆ ಯಾರೋ ದಿಢೀರನೆ ಲಗ್ನ ಗೊತ್ತುಮಾಡಿದ್ದಾರೆ, ಅಪ್ಪ ಮಗ ಮುನಿಸಿಕೊಂಡಿದ್ದರಿಂದ ತನಗೆ ಹೇಳಿಲ್ಲ ಎಂದು ಅವಳೆಣಿಕೆ. ನಾವು ಎಷ್ಟು ಬಿಡಿಸಿ ಹೇಳಿದರೂ, "ಕ್ಯಾಮ್ರಾ ಬಂದೈತಿ ಅಂದ್ರ ಮದಿವಿ ಅಲ್ಲೇನು, ನನಗ ತಿಳ್ಯಂಗಿಲ್ಲೇನು" ಎಂದು ಅಮರೇಶನನ್ನು ಕಟ್ಟೆಯ ಮೇಲೆ ಕೂಡಿಸಿ, ಕೆನ್ನೆಗೆ, ಕೈಗೆ, ಪಾದಕ್ಕೆ ಅರಿಷಿಣ ಹಚ್ಚಿಯೇಬಿಟ್ಟಳು. ನೆರೆಯ ಹೆಂಗಸರು ಕೂಡಿದರು. ಸೋಬಾನ ಎದ್ದಿತು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಡುಗಿ ಇದೇ ಏನು ಎಂದು ಕೇಳಿದಾಗ ನಾನು ಮೆಹಬೂಬನ ಬೆನ್ನ ಹಿಂದೆ ಅಡಗಿದೆ. ಅಮರೇಶ ನಕ್ಕ. ತಿಂಗಳುಗಳ ನಂತರ ಅವನು ನಕ್ಕದ್ದನ್ನು ನೋಡಿದ್ದು ಅವತ್ತೇ. ಖಾಜಾಭಾಯಿಗೆ ಮಾತ್ರ ಹೋದ ಜೀವ ಬಂದಂತಾಗಿತ್ತು. ಕೊನೆಗೂ ತನಗೆ ಗೊತ್ತಿದ್ದ ಕೆಲಸ ಸಿಕ್ಕಿತೆಂದು ಮೊದಲಿಂದ ಕೊನೆವರೆಗೆ ಎಲ್ಲವನ್ನೂ ತೆಗೆದ.

ಅರಿಷಿಣದ ಮುಖದಲ್ಲೇ ಅಮರೇಶ ಅಟ್ಟಣಿಗೆ ಏರಿದ. ತೊಳೆದುಕೋ ಎಂದರೆ ಅಜ್ಜಿ ಬೇಜಾರಾಗತಾಳ ಎಂದ. ಯಂಕಪ್ಪ ದೂರದ ಬದುವಿನ ಮೇಲೆ ನಮಗೆ ಬೆನ್ನು ಮಾಡಿ ಮುಳ್ಳುಬೇಲಿ ಕಟ್ಟುತ್ತಿದ್ದ. ಅಮರೇಶ ಒಮ್ಮೆ ಆ ಕಡೆ ನೋಡಿ, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಜೋಳದ ಮೇಲಿಂದ ಗಿಣಿಗಳ ಹಿಂಡು ಭರ್ರನೆ ಎದ್ದು, ಹೊಲವನ್ನು ಸುತ್ತಿ, ಕಾಲುವೆಯ ಕಡೆಗೆ ಹೋಯಿತು. ಅಪ್ಪನ ಬೆನ್ನು ನೆಟ್ಟಗಾಯಿತು. ಅವನು ತಿರುಗಲಿಲ್ಲ. ಮತ್ತೆ ಬೇಲಿಗೆ ಬಗ್ಗಿದ.

ಸಿನೆಮಾದಲ್ಲಿ ಪ್ರಿನ್ಸಿಪಾಲರ ಪ್ರಶ್ನೆಯನ್ನು ನಾನು ಕೇಳಬೇಕಿತ್ತು. ಅಟ್ಟಣಿಗೆಯ ಕೆಳಗೆ ನಿಂತು, ಇಂಥಾ ಸೀಟಿ ಯಾರು ಕಲಿಸಿದ್ರು ನಿನಗ ಎಂದೆ.

"ಹಕ್ಕಿ ಕಲಿಸ್ಯಾವ" ಎಂದು ಅವನು ಕ್ಯಾಮೆರಾ ನೋಡಿ ಹಲ್ಲು ಕಿರಿದ.

ಗ್ಯಾದರಿಂಗಿನ ದಿನ ಸ್ಟೇಜಿನ ಮೇಲೆ ಟಿವಿ ಇಟ್ಟು, ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದ್ದೆವು. ಮುಖ್ಯ ಅತಿಥಿಗಳು ಇಂದಿನ ಯುವಜನ ಎತ್ತ ಸಾಗಿದ್ದಾರೆ ಎಂದು ಬಹಳ ಹೊತ್ತು ಮರುಗಿದರು. ಆಮೇಲೆ ನಮ್ಮ 'ಸೀಟಿ' ಶುರುವಾಯಿತು. ರಾಯಚೂರಿನಲ್ಲಿ ಮಿಕ್ಸಿಂಗ್ ಮಾಡಿಸುವಾಗ ಖಾಜಾಭಾಯಿ ತನ್ನ ಕೈಚಳಕ ಬಿಟ್ಟಿರಲಿಲ್ಲ. ಅಮರೇಶನ ಮುಖ ಮೊದಲು ಬಂದಾಗ ಸುತ್ತಲೂ ಗುಲಾಬಿ ಹೂಗಳು ಉದುರಿದವು. ನನ್ನ ಕೊಡದ ಮೇಲೆ ಎರಡು ಪಾರಿವಾಳ ಕೂತವು. ಜನ ಬಿದ್ದು ಬಿದ್ದು ನಕ್ಕರು. ಆದರೆ ಉಂಗುಟ ಕಿತ್ತ ಚಪ್ಪಲಿ ನನ್ನ ಕೈಗೆ ಬಂದು, ಸೀಟಿ ಕೇಳಿ, ಬಸ್ಸು ನಿಂತಾಗ ನಗು ಮೆಲ್ಲಗೆ ಅಡಗಿತು. ಅಟ್ಟಣಿಗೆಯ ಸೀಟಿಗೆ ಗಿಣಿಗಳು ಎದ್ದಾಗ ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಅಮರೇಶ ಟಿವಿಯನ್ನು ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ ಬಾಗಿಲನ್ನೇ ನೋಡುತ್ತಿದ್ದ. ಯಂಕಪ್ಪ ಬರಲಿಲ್ಲ. ಮಗ ಗ್ಯಾದರಿಂಗಿಗೆ ಬಂದಮೇಲೆ ಹೊಲದಲ್ಲಿ ಹಕ್ಕಿ ಕಾಯಲು ಯಾರಾದರೂ ಬೇಕಲ್ಲ.

ಪ್ರಿನ್ಸಿಪಾಲರು ಸಿನೆಮಾದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಮರುವಾರ ಅಮರೇಶ ಎಂದಿನಂತೆ ಧೂಳಿನ ತಲೆಯಲ್ಲಿ ತಡವಾಗಿ ಗೇಟಿಗೆ ಬಂದಾಗ, ಅಲ್ಲೇ ನಿಂತಿದ್ದ ಅವರು ಗಡಿಯಾರ ನೋಡಿಕೊಂಡು, ಮುಖ ಆ ಕಡೆ ತಿರುಗಿಸಿ, ಅವನು ಒಳಗೆ ಹೋಗುವವರೆಗೆ ಬೇವಿನ ಮರ ನೋಡುತ್ತಾ ನಿಂತರು. ನಮ್ಮ ಸಿನೆಮಾಕ್ಕೆ ಸಿಕ್ಕ ಪ್ರಶಸ್ತಿ ಅದೊಂದೇ. ಅಮರೇಶನಿಗೆ ಅದು ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಅಪ್ಪ ಒಮ್ಮೆ ಆ ಟಿವಿಯ ಮುಂದೆ ಕೂರುವುದು. ಪರೀಕ್ಷೆ ಮುಗಿಯಲಿ, ಕ್ಯಾಸೆಟ್ಟು ಹಾಕುವ ವಿಸಿಪಿ ಬಾಡಿಗೆಗೆ ತಂದು ಊರಲ್ಲೇ ತೋರಿಸೋಣ ಎಂದು ಮೆಹಬೂಬ ಮಾತು ಕೊಟ್ಟ.

ಪರೀಕ್ಷೆ ಮುಗಿಯಿತು. ಬೇಸಿಗೆಯಲ್ಲಿ ಅಮರೇಶನ ಕಣ್ಣು ಹಳದಿಯಾದವು. ಕಾಮಣಿ ಎಂದು ಹಳ್ಳಿಯ ಔಷಧ ಕುಡಿಸಿದರು, ಪಥ್ಯ ಮಾಡಿಸಿದರು, ಕಡೆಗೆ ಎತ್ತಿನ ಗಾಡಿಯಲ್ಲಿ ರಸ್ತೆಗೆ ತಂದು ಸಿಂಧನೂರಿನ ದವಾಖಾನೆಗೆ ಒಯ್ದರು. ತಡವಾಗಿತ್ತು. ನಾವು ಹೋದಾಗ ಅವನ ಹೆಣವನ್ನು ಅಂಗಳದಲ್ಲಿ ಕೂಡಿಸಿದ್ದರು. ಮುಖ, ಕೈ, ಪಾದ ಎಲ್ಲ ಹಳದಿ. ಅದೇ ಕಟ್ಟೆ. ಅಜ್ಜಿ ನನ್ನ ಕೈ ಹಿಡಿದು, ನಾ ಹಚ್ಚಿದ ಅರಿಷಿಣ ಹೋಗೇ ಇಲ್ಲ ನೋಡವ್ವಾ ಎಂದು ಅತ್ತಳು. ಯಂಕಪ್ಪ ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ನನಗೆ ದೇವರ ಮೇಲೆ ಸಿಟ್ಟು ಬಂತು. ಯಾರ ಮೇಲೆ ಬಂದರೂ ಪ್ರಯೋಜನವಿರಲಿಲ್ಲ. ಹದಿನೇಳಕ್ಕೆ ಸಾಯಬಾರದು, ಅಷ್ಟೇ.

ದಿನ ಕಳೆದ ಮೇಲೆ ಮೆಹಬೂಬ ಕ್ಯಾಸೆಟ್ಟನ್ನು ಒಯ್ದು ಯಂಕಪ್ಪನ ಕೈಗೆ ಕೊಟ್ಟು ಬಂದ. ಇದ್ದದ್ದು ಅದೊಂದೇ ಪ್ರತಿ. ಆ ವರ್ಷದ ಕೊನೆಗೆ ನನ್ನನ್ನು ಲಿಂಗಸುಗೂರಿಗೆ ಮದುವೆ ಮಾಡಿಕೊಟ್ಟರು. ವಿಡಿಯೋ ಖಾಜಾಭಾಯಿಯದೇ. ಈ ಸಲ ನಿಜವಾದ ಕಾಲುಂಗುರ ಸಿಕ್ಕಿದ್ದರೂ ಅವನು ಬಹಳ ಹೊತ್ತು ತೆಗೆಯಲಿಲ್ಲ. ನಾನೂ ಅವನೂ ಪರಸ್ಪರ ಮುಖ ನೋಡಲಿಲ್ಲ.

ಅದಾಗಿ ಏಳೆಂಟು ವರ್ಷ ಕಳೆದಿರಬೇಕು. ಸಿಂಧನೂರಿನಲ್ಲಿ ಏನೋ ಕೆಲಸ ಮುಗಿಸಿ ಲಿಂಗಸುಗೂರಿಗೆ ಹೊರಟಿದ್ದೆ. ಗೊರೇಬಾಳ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಹಿಂದಿನ ಬಸ್ಸು ಬರಲಿ, ಎಲ್ಲರನ್ನೂ ಹತ್ತಿಸಿ ಕಳಿಸ್ತೀನಿ ಎಂದು ಕಂಡಕ್ಟರ್ ಎಲ್ಲರನ್ನೂ ಇಳಿಸಿದ. ನೆರಳು ಹುಡುಕಿ ಹೊಲಗಳ ಕಡೆ ನಡೆದೆ. ಎಲ್ಲಿಂದಲೋ ಒಂದು ಸದ್ದು ಬರುತ್ತಿತ್ತು. ದುಂಬಿ ಗುಂಯ್ಗುಡುವ ಸದ್ದಲ್ಲ, ಸೀಟಿಯೂ ಅಲ್ಲ, ಎರಡರ ನಡುವಿನದು. ಜೋಳದ ಮೇಲೆ, ಕೋಲಿನಿಂದ ಕೋಲಿಗೆ ಕಪ್ಪು ಟೇಪು ಎಳೆದು ಕಟ್ಟಿದ್ದರು. ಗಾಳಿಗೆ ಅದು ಹೊರಳಿ ಬಿಸಿಲಿಗೆ ಹೊಳೆಯುತ್ತಿತ್ತು, ಸದ್ದು ಮಾಡುತ್ತಿತ್ತು. ಆಗಿನ ಹೊಲಗಳಲ್ಲಿ ಹಾಗೆ ಕಟ್ಟುವುದುಂಟು, ಹಕ್ಕಿ ಹೆದರುತ್ತವೆ. ಬದುವಿನ ಮೇಲೆ ಕೂತಿದ್ದ ಮುದುಕ ಎದ್ದ. ಕೆಂಪು ರುಮಾಲಿನಿಂದ ಗುರುತು ಹಿಡಿದೆ. ಅವನೂ ನನ್ನ ಗುರುತು ಹಿಡಿದ.

"ಮಸ್ಕಿ ಹುಡುಗಿ ಅಲ್ಲೇನವ್ವ" ಎಂದ.

ಅಜ್ಜಿ ಹೋಗಿಬಿಟ್ಟಿದ್ದಾಳೆ ಎಂದು ಹೇಳಿದ. ನಾನು ಟೇಪನ್ನೇ ನೋಡುತ್ತಿದ್ದೆ, ಕೇಳಲು ಧೈರ್ಯ ಬರಲಿಲ್ಲ. ಅವನೇ ಹೇಳಿದ. ಊರಲ್ಲಿ ಯಾರದಾದರೂ ಮದುವೆಯಾಗಿ, ಮದುವೆಯ ಕ್ಯಾಸೆಟ್ಟು ನೋಡಲು ಟಿವಿ, ವಿಸಿಪಿ ಬಾಡಿಗೆಗೆ ತಂದರೆ, ಇವನು ಟವೆಲ್ಲಿನಲ್ಲಿ ಸುತ್ತಿದ ಕ್ಯಾಸೆಟ್ಟು ಹಿಡಿದು ಹೋಗಿ, ನಿಮ್ಮದು ಮುಗಿದ ಮೇಲೆ ನಂದೂ ಸ್ವಲ್ಪ ಹಾಕ್ರಿ ಎಂದು ಕೇಳುತ್ತಿದ್ದನಂತೆ. ಬೀಗರೂರಿನಿಂದ ಬಂದ ಜನ, ಅರಿಷಿಣದ ಕೆನ್ನೆ, ಸೋಬಾನ, ಉದುರುವ ಹೂ ನೋಡಿ, ನಿಮ್ಮ ಮಗನ ಮದಿವೇನ್ರೀ ಎನ್ನುತ್ತಿದ್ದರು.

"ಹೂಂ ಅಂತಿದ್ದೆ" ಎಂದ ಯಂಕಪ್ಪ.

ನೋಡಿ ನೋಡಿ ಟೇಪಿಗೆ ಬೂಸು ಹಿಡಿಯಿತು. ಖಾಜಾಭಾಯಿ ಒರೆಸಿ ಕೊಟ್ಟ, ಮತ್ತೆ ಹಿಡಿಯಿತು. ಕೊನೆಗೆ ಬರೀ ಗೆರೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಏನು ಬಂತು, ಹೊಲದಾಗಾದ್ರ ಅವ ಹಕ್ಕಿ ಕಾಯ್ತಾನ ಎಂದು ಬಿಚ್ಚಿ ಹೊಲಕ್ಕೆ ಕಟ್ಟಿದನಂತೆ. ಇದನ್ನು ಅವನು ಅಳದೆ ಹೇಳಿದ. ಅಳುತ್ತಿದ್ದವಳು ನಾನು. ಗಾಳಿ ಬಂದಾಗ ಮಾತು ನಿಲ್ಲಿಸಿ ಕೇಳುತ್ತಿದ್ದ, ನಿಂತ ಮೇಲೆ ಮುಂದುವರಿಸುತ್ತಿದ್ದ.

"ಯಾರು ಕಲಿಸಿದ್ರು ಅಂತ ಅವತ್ತು ಸಾಹೇಬ್ರು ಕೇಳಿದ್ರು, ಅವ ಹೇಳ್ಲಿಲ್ಲ. ವಿಡಿಯೋದಾಗ ನೀ ಕೇಳ್ದಿ, ಅಲ್ಲೂ ಹೇಳ್ಲಿಲ್ಲ. ನಾ ಕಲಿಸಿದ್ದವ್ವ. ಮಗ್ಗಲಾಗ ನಿಂತಿದ್ದೆ, ನಾ ಅಂತ ಒಂದ್ ಮಾತು ನನ್ನ ಬಾಯಿಂದ ಬರ್ಲಿಲ್ಲ."

ಅಷ್ಟರಲ್ಲಿ ರಸ್ತೆಯಲ್ಲಿ ಹಾರ್ನ್ ಕೇಳಿತು. ಹಿಂದಿನ ಬಸ್ಸು ಬಂದು, ಜನರನ್ನೆಲ್ಲ ತುಂಬಿಕೊಂಡು ಹೊರಟೇಬಿಟ್ಟಿತ್ತು. ನಾನು ಸೀರೆ ಎತ್ತಿಕೊಂಡು ಬದುವಿನ ಮೇಲೆ ಓಡಿದೆ. ಮಣ್ಣಿನ ಹೆಂಟೆಗಳಲ್ಲಿ ಕಾಲು ಹೊರಳುತ್ತಿತ್ತು. ಬಸ್ಸು ದೂರ ಸರಿಯುತ್ತಿತ್ತು. ಆಗ ನನ್ನ ಹಿಂದಿನಿಂದ ಆ ಸೀಟಿ ಬಂತು. ಅದೇ ಸೀಟಿ, ಅದೇ ಉದ್ದ, ಕೊನೆಗೆ ಅದೇ ತಿರುವು. ಹೊಲದ ಹಕ್ಕಿಗಳೆಲ್ಲ ಎದ್ದವು. ಬಸ್ಸು ಗಕ್ಕನೆ ನಿಂತಿತು.

ತಿರುಗಿ ನೋಡಿದೆ. ಯಂಕಪ್ಪ ಬಾಯಿಂದ ಬೆರಳು ತೆಗೆದು, ಹೋಗು ಹೋಗು ಎಂದು ಕೈ ಬೀಸುತ್ತಿದ್ದ.

ಬಸ್ಸು ಹತ್ತಿದಾಗ, ಯಜಮಾನ್ರು ಇದ್ರು ಅಂತ ಬಸ್ ಸಿಕ್ತು ನೋಡವ್ವಾ ಎಂದು ಕಂಡಕ್ಟರ್ ಮೆಚ್ಚಿಕೊಂಡ. ಯಾರೂ ಬೇರೆ ಏನೂ ಅಂದುಕೊಳ್ಳಲಿಲ್ಲ. ಸೀಟಿ ಹೊಡೆದವನ ಮೀಸೆ ಬೆಳ್ಳಗಿತ್ತು. ಕಿಟಕಿಯ ಪಕ್ಕ ಕೂತು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದೆ. ಮಸ್ಕಿ ದಾಟಿದರೂ ಅಳು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ತವರುಮನಿ ಬಿಟ್ಟು ಹೊಂಟೀಯೇನವ್ವ" ಎಂದಳು.

ಹೂಂ ಎಂದೆ.